ಬಾಗುವ ಗಾಜು

ನನ್ನ ಗಂಡನನ್ನು ಈ ಕಟ್ಟಡದಲ್ಲಿ ಎಲ್ಲರೂ ‘ಅಧ್ಯಕ್ಷರೇ’ ಅಂತ ಕರೀತಾರೆ. ನಾನೂ ಹಾಗೇ ಕರೆಯೋದು. ಬರೀ ‘ರೀ’ ಅಂದ್ರೆ ತಿರುಗಿ ನೋಡಲ್ಲ. ನಿವಾಸಿಗಳ ಸಂಘಕ್ಕೆ ಅಧ್ಯಕ್ಷರಾದ ಮೇಲೆ ಅವರು ಮಾಡಿದ ಘನಂದಾರಿ ಕೆಲಸ ಒಂದೇ. ಮೂರಂತಸ್ತಿನ ಈ ಹಳೇ ಇಟ್ಟಿಗೆ ಕಟ್ಟಡದ ನೆತ್ತಿ ಮೇಲೆ ದೊಡ್ಡ ನೀರಿನ ಟ್ಯಾಂಕ್ ಕೂರಿಸಿ, ಅದರ ಮೇಲೆ ತಮ್ಮ ಹೆಸರು ಬರೆಸಿದ್ದು.

ಟ್ಯಾಂಕ್ ಕೂತಿದ್ದೇ ತಡ, ಅದರ ಕೆಳಗಿನ ಗೋಡೆ, ಅಂದ್ರೆ ನಮ್ಮತ್ತೆ ರೂಮಿನ ಗೋಡೆ, ಬಿರುಕು ಬಿಟ್ಟಿತು. ತಪಾಸಣೆಗೆ ಬಂದ ಎಂಜಿನಿಯರ್ ಮೇಡಂ ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿದರು. “ಗೋಡೆ ಸರೀತಿದ್ರೆ ಗಾಜು ಒಡೆಯತ್ತೆ. ಆಗ ಟ್ಯಾಂಕ್ ಇಳಿಸಲೇಬೇಕು. ಮುಂದಿನ ತಿಂಗಳು ಬಂದು ನೋಡ್ತೀನಿ” ಅಂದರು.

ಇಳಿಸೋದಂತೆ. ಹೆಸರಿನ ಬಣ್ಣವೇ ಇನ್ನೂ ಸರಿಯಾಗಿ ಒಣಗಿರಲಿಲ್ಲ.

ವಾರದೊಳಗೆ ಗಾಜು ಒಡೀತು. “ನಿನ್ನ ಪೊರಕೆ ತಾಗಿರಬೇಕು” ಅಂತ ಅಧ್ಯಕ್ಷರು ನನ್ನ ತಲೆಗೆ ಕಟ್ಟಿದರು. ಅಷ್ಟು ಎತ್ತರಕ್ಕೆ ಪೊರಕೆ ಎತ್ತೋ ಸಂದರ್ಭ ಈ ಮನೇಲಿ ಒಂದೇ, ಅದಿನ್ನೂ ಬಂದಿರಲಿಲ್ಲ. ಹೊಸ ಪಟ್ಟಿ ತಾವೇ ತಂದು, ತಾವೇ ಅಂಟಿಸಿದರು. ಇದು ಗಟ್ಟಿ ಗಾಜು ಅಂದರು.

ಮರುದಿನ ಅದೇ ಗೋಡೆಗೆ ತಗುಲಿಸಿದ್ದ ಟಿವಿ ಬಿಚ್ಚಿ ಹಾಲ್‌ಗೆ ಸಾಗಿಸಿದರು. ಯಾಕೆ ಅಧ್ಯಕ್ಷರೇ ಅಂದ್ರೆ, “ಅಮ್ಮನ ನಿದ್ದೆ ಕೆಡತ್ತೆ.” ಅತ್ತೆ ಕಣ್ಣಲ್ಲಿ ನೀರು. ಮೆಟ್ಟಿಲ ಹತ್ತಿರ ಸಿಕ್ಕವರಿಗೆಲ್ಲ, “ನನ್ನ ಮಗ ನನಗೋಸ್ಕರ ಟಿವಿನೇ ಆಚೆ ಇಟ್ಟ” ಅಂತ ಹೇಳಿಕೊಂಡು ಬಂದರು. ನನಗೆ ಮೈಯೆಲ್ಲ ಉರೀತು. ಅಮ್ಮ ಕೆಮ್ಮಿದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ದ ಮನುಷ್ಯ ಇವರು. ಆದರೂ ಅತ್ತೆ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಅತ್ತೆ ಮಂಚ ಮಾತ್ರ ಬಿರುಕಿನ ಕೆಳಗೇ ಇತ್ತು. ಅದನ್ನೂ ಸರಿಸೋಣ ಅಂದ್ರೆ, “ಗಾಜೇ ಒಡೆದಿಲ್ಲ, ನಿನಗ್ಯಾಕೆ ಇಲ್ಲದ ಉಸಾಬರಿ?” ಅಂದರು.

ಮೇಡಂ ಮತ್ತೆ ಬಂದ ದಿನ ಅಧ್ಯಕ್ಷರು ಇಸ್ತ್ರಿ ಶರ್ಟು ಹಾಕಿಕೊಂಡು ಗೋಡೆ ಪಕ್ಕ ನಿಂತರು. “ನೋಡಿ ಮೇಡಂ, ಒಂದು ಗೀರೂ ಇಲ್ಲ.”

ಮೇಡಂ ಟಾರ್ಚ್ ಹಾಕಿದರು. ಪಟ್ಟಿ ಒಡೆದಿರಲಿಲ್ಲ, ನಿಜ. ಬಿಲ್ಲಿನ ಹಾಗೆ ಬಾಗಿತ್ತು.

“ಎಷ್ಟೋ ಗೋಡೆ ನೋಡಿದೀನಿ, ಬಾಗೋ ಗಾಜನ್ನ ಇವತ್ತೇ ನೋಡಿದ್ದು” ಅಂತ ಮೇಡಂ ಉಗುರಲ್ಲಿ ಕೆರೆದರು. ಪ್ಲಾಸ್ಟಿಕ್. ನನ್ನ ಮಗಳು ಮನೆಯೆಲ್ಲ ಹುಡುಕಿ ಅತ್ತಿದ್ದ, ಗಾಜಿನ ಹಾಗೆ ಕಾಣೋ ಸ್ಕೇಲು. ಅಂಕಿಗಳನ್ನೆಲ್ಲ ಉಜ್ಜಿ ತೆಗೆದಿದ್ದರು.

“ಗೋಡೆ ಮುಂದಕ್ಕೆ ಬಂದಿದೆ. ಟ್ಯಾಂಕ್ ಇವತ್ತೇ ಖಾಲಿ ಮಾಡಿ. ಈ ರೂಮಲ್ಲಿ ಯಾರೂ ಮಲಗಬಾರದು. ಇದನ್ನ ಹಾಕಿದ್ದು ಯಾರು?”

ಅಧ್ಯಕ್ಷರು ಫ್ಯಾನ್ ನೋಡಿದರು.

ಅತ್ತೆ ಮಂಚದ ಮೇಲೇ ಕೂತಿದ್ದರು. ಬಾಗಿದ ಪಟ್ಟಿ ನೋಡಿದರು, ಟಿವಿ ಬಿಚ್ಚಿದ ಜಾಗದ ಮೊಳೆ ತೂತು ನೋಡಿದರು, ಆಮೇಲೆ ಮಗನನ್ನ ನೋಡಿದರು. ಇವರ ಬಣ್ಣ ಬಯಲಾದ ದಿನ ಹೊಟ್ಟೆ ತುಂಬ ನಗಬೇಕು ಅಂತ ಕಾಯ್ತಿದ್ದವಳು ನಾನು. ನಗು ಬರಲಿಲ್ಲ.

“ನಿಂಗೆ ಗೊತ್ತಿತ್ತೇನೋ?” ಅಂದರು ಅತ್ತೆ.

ಸಂಘದ ಸಭೇಲಿ ಮೈಕ್ ಬಿಡದ ಮನುಷ್ಯ ಇಸ್ತ್ರಿ ಶರ್ಟಿನ ಗುಂಡಿ ತಿರುಗಿಸ್ತಾ ನಿಂತರು.

ಅತ್ತೆ ದಿಂಬನ್ನ ಕಂಕುಳಿಗೆ ಸಿಕ್ಕಿಸಿಕೊಂಡು ನಿಧಾನಕ್ಕೆ ಎದ್ದರು. “ಟಿವಿ ಎಲ್ಲಿಟ್ಟಿದ್ದೀಯೋ ಅಲ್ಲೇ ನನ್ನ ಮಂಚನೂ ಹಾಕಪ್ಪ. ಅಲ್ಲಿ ಗೋಡೆ ಗಟ್ಟಿಯಿದೆ ಅಂತ ನೋಡೇ ಇಟ್ಟಿರ್ತೀಯ.”