ಮುಳ್ಳಿಲಿಯ ತಟ್ಟೆ

ಚಹಾಕ್ಕೆ ಕರೆದರೆ ಬಾರದ ಮನುಷ್ಯನನ್ನು ನಾನು ನಂಬುವುದಿಲ್ಲ. ನಮ್ಮ ಗುಡ್ಡದ ಮೇಲಿನ ತೋಟಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಬಾಡಿಗೆ ನೆಲ, ಗೇಟಿನ ಪಕ್ಕ ಎಲ್ಲರಿಗೂ ಸೇರಿದ ಒಂದು ಮರದ ಶೆಡ್ಡು. ಅಲ್ಲಿ ಕೆಟಲ್ ಕೂಗಿತೆಂದರೆ ಎಂಥ ಜಗಳಗಂಟನಾದರೂ ಮಗ್ ಹಿಡಿದು ಬಂದುಬಿಡುತ್ತಾನೆ. ಲಯನೆಲ್ ಕ್ರಾಬ್‌ಟ್ರೀ ಮಾತ್ರ ಬರಲಿಲ್ಲ. ವಸಂತದಲ್ಲಿ ನನ್ನ ಪಕ್ಕದ ತುಂಡನ್ನು ಹಿಡಿದವನು, ಕರೆದಾಗಲೆಲ್ಲ ಟೋಪಿ ಮುಟ್ಟಿ, "ಬೇಡ ಬಿಡಿ, ಈಗ ತಾನೆ ಆಯ್ತು" ಎನ್ನುತ್ತಿದ್ದ. ಎಲ್ಲಿ ಆಯ್ತು? ಯಾರ ಜೊತೆ ಆಯ್ತು? ನಮ್ಮ ಯಾರ್ಕ್‌ಶೈರಿನಲ್ಲಿ ಹುಟ್ಟಿ ಬೆಳೆದವನು ಚಹಾ ಬೇಡವೆಂದರೆ ಅದರ ಹಿಂದೆ ಏನಾದರೂ ಇರಲೇಬೇಕು.

"ಏನೋ ಮುಚ್ಚಿಡ್ತಿದ್ದಾನೆ ಕಣೇ ಅವನು" ಎಂದೆ ಬೆರಿಲ್‌ಗೆ. ಬೆರಿಲ್‌ಳದು ನನ್ನ ಆಚೆ ಬದಿಯ ತೋಟ. ಬಟಾಣಿ ಬಿಡಿಸುತ್ತ ಕೂತಿದ್ದಳು.

"ನಿಂಗೆ ಪೋಸ್ಟ್‌ಮ್ಯಾನ್ ಮೇಲೂ ಅನುಮಾನ, ಎಡ್ನಾ. ಪಾದ್ರಿ ಮೇಲೂ ಅನುಮಾನ."

"ಪಾದ್ರಿ ಮೇಲೆ ಇಡೀ ಊರಿಗೇ ಇದೆ. ನಾನು ಬಾಯಿಬಿಟ್ಟು ಹೇಳ್ತೀನಿ, ಅಷ್ಟೇ."

ಆ ಬೇಸಿಗೆ ನನ್ನ ಅನುಮಾನಕ್ಕೆ ಕಾರಣವೂ ಇತ್ತು. ತೋಟಗಳಿಗೆ ಹೆಗ್ಗಣ ಬಿದ್ದಿತ್ತು. ಬೆರಿಲ್‌ಳ ಬಟಾಣಿ ಹೋಯಿತು, ನನ್ನ ಜೋಳದ ತೆನೆ ಹೋಯಿತು, ಗೊಬ್ಬರದ ಪೆಟ್ಟಿಗೆಗಳ ಪಕ್ಕ ಮುಷ್ಟಿ ಹಿಡಿಸುವಷ್ಟು ದೊಡ್ಡ ಬಿಲಗಳು ಬಂದವು. ನಮ್ಮ ಸಮಿತಿಯ ಅಧ್ಯಕ್ಷ ನೈಜೆಲ್ ಓಗ್ಡೆನ್ ಎಲ್ಲರನ್ನೂ ಶೆಡ್ಡಿಗೆ ಕರೆದು ಕೆಮ್ಮಿದ. ನಾನು ಶಾಲೆಯ ಅಡುಗೆಮನೆಯಲ್ಲಿದ್ದಾಗ ಇವನ ತಟ್ಟೆಗೆ ಕಸ್ಟರ್ಡ್ ಬಡಿಸಿದವಳು. ಈಗ ಇವನು ನನಗೆ ಭಾಷಣ ಬಿಗಿಯುತ್ತಾನೆ.

"ಯಾರೋ ಇಲ್ಲಿ ಪ್ರಾಣಿಗಳಿಗೆ ಊಟ ಇಡ್ತಿದ್ದಾರೆ. ಹೆಗ್ಗಣ ಬರೋದು ಅದಕ್ಕೇ. ಸಿಕ್ಕಿಬಿದ್ರೆ ಅವರು ತೋಟ ಖಾಲಿ ಮಾಡ್ಬೇಕು. ಸಿಗದೇ ಹೋದ್ರೆ ಶನಿವಾರ ಎಲ್ಲಾ ಕಡೆ ವಿಷದ ಪೆಟ್ಟಿಗೆ ಇಡಿಸ್ತೀನಿ."

ವಿಷ ಎಂದರೇನೆಂದು ನಾನು ಕಣ್ಣಾರೆ ಕಂಡವಳು. ಗುಡ್ಡದ ಕೆಳಗಿನ ತೋಟಗಳಲ್ಲಿ ಹೋದ ವರ್ಷ ವಿಷ ಇಟ್ಟಿದ್ದರು. ಹೆಗ್ಗಣಗಳ ಜೊತೆ ಒಂದು ಮುಳ್ಳಿಲಿಯೂ ಮಟಮಟ ಮಧ್ಯಾಹ್ನ ತೂರಾಡುತ್ತ ದಾರಿಗೆ ಬಂದು, ಚೆಂಡಿನ ಹಾಗೆ ಮುದುಡಿಕೊಳ್ಳುವುದಕ್ಕೂ ತ್ರಾಣವಿಲ್ಲದೆ ನನ್ನ ಕಣ್ಣೆದುರೇ ಕಾಲು ಚಾಚಿ ಸತ್ತಿತ್ತು. ನನ್ನ ಹಲಗೆಗಳ ಕೆಳಗೂ ಒಬ್ಬಳಿದ್ದಳು. ಗ್ಲಾಡಿಸ್. ಮೂತಿಯ ಮೇಲೆ ಬಿಳಿ ಮಚ್ಚೆ, ಮೈತುಂಬ ಮುಳ್ಳು, ನಡಿಗೆಯಲ್ಲಿ ಮಾತ್ರ ಥೇಟ್ ನನ್ನ ಅತ್ತೆ. ದಿನಾ ಸಂಜೆ ಮನೆಗೆ ಹೊರಡುವ ಮುಂಚೆ ನೀಲಿ ಅಂಚಿನ ತಟ್ಟೆಯಲ್ಲಿ ಬೆಕ್ಕಿಗೆಂದು ಮಾರುವ ಡಬ್ಬಿಯ ಕೋಳಿಮಾಂಸ ಹಾಕಿ, ಯಾರ ಕಣ್ಣಿಗೂ ಬೀಳದಂತೆ ರೂಬಾರ್ಬ್ ಗಿಡದ ಅಗಲ ಎಲೆಗಳ ಕೆಳಗೆ ಇಟ್ಟು ಬರುತ್ತಿದ್ದೆ. ಬೆಳಿಗ್ಗೆ ನೋಡಿದರೆ ತಟ್ಟೆ ತೊಳೆದಿಟ್ಟಂತೆ ಖಾಲಿ. ಒಂದು ಅಗುಳೂ ಬಿಡದೆ ನೆಕ್ಕಿ ತಿನ್ನುತ್ತಾಳಲ್ಲ ಎಂದು ನಾನು ಹಿಗ್ಗುತ್ತಿದ್ದೆ. ಚೂರೂ ಉಳಿಯದ ತಟ್ಟೆಗೆ ಹೆಗ್ಗಣ ಯಾಕೆ ಬರುತ್ತದೆ? ಹಾಗಾಗಿ ತಪ್ಪು ನನ್ನದಲ್ಲ, ಬೇರೆ ಯಾರದೋ.

ಆ ಬೇರೆ ಯಾರೋ ಲಯನೆಲ್ಲೇ ಎಂದು ನನಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ? ಅವನ ಕೆಲಸಗಳನ್ನು ನೀವೇ ನೋಡಬೇಕಿತ್ತು. ನಿನ್ನೆ ಇಲ್ಲಿದ್ದ ಕುಂಡ ಇವತ್ತು ಅಲ್ಲಿ, ಇವತ್ತು ಅಲ್ಲಿದ್ದ ಹಲಗೆ ನಾಳೆ ಇನ್ನೆಲ್ಲೋ. ತೋಟಕ್ಕೆ ಬಂದವನೇ ಮೊದಲು ಸಲಿಕೆಯಿಂದ ಗೊಬ್ಬರದ ಪೆಟ್ಟಿಗೆಗೆ ಧಡಧಡ ಬಡಿಯುತ್ತಿದ್ದ, ಒಳಗೆ ಯಾರೋ ಸಾಲಗಾರ ಅಡಗಿ ಕೂತಿದ್ದಾನೆ ಅನ್ನುವ ಹಾಗೆ. ಇದೆಲ್ಲ ಸಾಲದು ಎಂದು ಒಂದು ದಿನ ನಮ್ಮಿಬ್ಬರ ನಡುವಿನ ಬೇಲಿಯ ಬುಡದಲ್ಲಿ ಗರಗಸ ಹಿಡಿದು ಕೂತು ಅಂಗೈಯಗಲದ ಕಿಂಡಿ ಕೊರೆದ.

"ಏನ್ರೀ ಇದು? ಹೆಗ್ಗಣಕ್ಕೆ ಬಾಗಿಲು ಮಾಡಿಕೊಡ್ತಿದ್ದೀರಾ?" ಎಂದು ಬೇಲಿಯಾಚೆಯಿಂದ ಕೇಳಿದೆ.

ಅವನ ಕಿವಿ ಕೆಂಪಾಯಿತು. "ಗಾಳಿ ಆಡ್ಲಿ ಅಂತ" ಎಂದ. ನೆಲದ ಮಟ್ಟದಲ್ಲಿ ಗಾಳಿಯಂತೆ! ಈ ಮನುಷ್ಯನಿಗೆ ಸುಳ್ಳು ಹೇಳುವುದಕ್ಕೂ ಬರುವುದಿಲ್ಲ ಎಂದುಕೊಂಡೆ. ಅದೇ ವಾರ ಗ್ಲಾಡಿಸ್ ನನ್ನ ಕಣ್ಣಿಗೆ ಬೀಳುವುದೂ ನಿಂತಿತು. ತಟ್ಟೆ ಮಾತ್ರ ಖಾಲಿಯಾಗುತ್ತಲೇ ಇತ್ತು.

ಶನಿವಾರ ಬಂತು. ಪೆಟ್ಟಿಗೆ ಇಡುವ ಮುಂಚೆ ಗ್ಲಾಡಿಸ್‌ಳನ್ನು ಹುಡುಕಿ, ಡಬ್ಬದಲ್ಲಿ ಹಾಕಿಕೊಂಡು ಮನೆಗಾದರೂ ಒಯ್ಯೋಣವೆಂದು ಬೆಳಕು ಹರಿಯುತ್ತಲೇ ಗುಡ್ಡ ಹತ್ತಿದೆ. ಹುಲ್ಲು ಒದ್ದೆ, ಗೇಟು ಆಗಲೇ ತೆರೆದಿತ್ತು. ನನ್ನ ರೂಬಾರ್ಬ್ ಎಲೆಗಳ ನಡುವೆ ಒಂದು ಬೆನ್ನು ಕಾಣಿಸಿತು. ಕಂದು ಕೋಟು. ಕೈಗೆ ರಬ್ಬರ್ ಗ್ಲೌಸು. ಪಕ್ಕದಲ್ಲಿ ಮುಚ್ಚಳದ ಬಕೆಟ್ಟು. ಲಯನೆಲ್ ನನ್ನ ತಟ್ಟೆಯನ್ನು ಕೈಯಲ್ಲಿ ಹಿಡಿದಿದ್ದ.

"ಕೊಲೆಗಡುಕಾ!" ಎಂದು ಕಿರುಚಿದೆ. "ಏನ್ ಬೆರೆಸ್ತಿದ್ದೀರಿ ಅದಕ್ಕೆ? ವಿಷ ತಾನೆ? ನೈಜೆಲ್ ಪೆಟ್ಟಿಗೆ ತರೋವರೆಗೂ ಕಾಯೋಕಾಗ್ಲಿಲ್ವಾ ನಿಮಗೆ?"

ಅವನು ಎದ್ದು ನಿಂತ. "ಎಡ್ನಾ ಅವರೇ, ಮೆಲ್ಲಗೆ..."

"ಮೆಲ್ಲಗೆ ಯಾಕ್ರೀ? ಎಲ್ಲರಿಗೂ ಕೇಳ್ಲಿ! ಗ್ಲಾಡಿಸ್ ಎಲ್ಲಿ? ಏನ್ ಮಾಡಿದ್ರಿ ಅವಳನ್ನ?"

ಬಕೆಟ್ಟಿಗೆ ಕೈ ಹಾಕಿದೆ. ಅವನು ಬಿಡಲಿಲ್ಲ. ಇಬ್ಬರೂ ಆ ಬಕೆಟ್ಟನ್ನು ಜಗ್ಗಾಡುತ್ತಲೇ ಕ್ಯಾಬೇಜಿನ ಸಾಲು ದಾಟಿ ಶೆಡ್ಡಿನ ತನಕ ಬಂದೆವು. ಓಗ್ಡೆನ್ ಅಷ್ಟರಲ್ಲಿ ವಿಷದ ಕಪ್ಪು ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ತುಂಬಿಕೊಂಡು ಬಂದಿದ್ದ. ಬೆರಿಲ್ ಕೆಟಲ್ ಇಡುತ್ತಿದ್ದವಳು ಹಾಗೇ ನಿಂತಳು.

"ಇವರೇ ಕಣೋ ನೈಜೆಲ್! ಸಿಕ್ಕಿಬಿದ್ರು!" ಎಂದೆ. "ತೆಗೆಸು ಮುಚ್ಚಳ!"

"ತೆಗೀಬೇಡಿ" ಎಂದ ಲಯನೆಲ್. ಬೇಡಿಕೊಂಡ ಎಂದೇ ಹೇಳಬೇಕು. "ದಯವಿಟ್ಟು ಬೇಡ. ನಾನೇ ಊಟ ಇಡ್ತಿದ್ದೆ ಅಂದ್ಕೊಳ್ಳಿ. ತೋಟ ಬಿಟ್ಟು ಹೋಗ್ತೀನಿ. ವಿಷ ಮಾತ್ರ ಇಡ್ಬೇಡಿ."

ಅಪರಾಧ ಒಪ್ಪಿಕೊಂಡ ಮೇಲೆ ಮುಚ್ಚಳ ತೆಗೆಯಲು ಯಾಕೆ ಹೆದರಿಕೆ? ನಾನೇ ಕಿತ್ತು ತೆಗೆದೆ.

ವಿಷದ ಕಾಳಿರಲಿಲ್ಲ. ಎಂಜಲಿತ್ತು. ಮೇಲೆ ಕೋಳಿಮಾಂಸದ ಉಂಡೆ, ಹಿಂದಿನ ಸಂಜೆ ನಾನು ಹಾಕಿದ್ದು, ಒಂದು ಮೂಲೆ ಮಾತ್ರ ಕೆದಕಿದಂತಿತ್ತು. ಅದರ ಕೆಳಗೆ ಹಾಲಿನಲ್ಲಿ ನೆನೆದ ಬ್ರೆಡ್ಡು. ಅದರ ಪಕ್ಕ ಹಿಟ್ಟಿನೊಳಗೆ ಹಂದಿಮಾಂಸ ತುಂಬಿ ಬೇಯಿಸಿದ ಪೈಯ ತುಂಡು.

ನಮ್ಮ ಕಡೆಯ ಜನ ನೆಲ ಬಿರಿದರೂ ಹವಾಮಾನದ ಮಾತೆತ್ತುತ್ತಾರೆ. ಬೆರಿಲ್ ಆ ಬ್ರೆಡ್ಡನ್ನು ನೋಡಿದಳು, ಆಮೇಲೆ ಕೆಟಲನ್ನು ನೋಡಿದಳು. ಅವಳು ದಿನಾ ಸಂಜೆ ಒಂದು ಹಾಲಿನ ಬಾಟಲಿ ಯಾಕೆ ಹೊತ್ತು ತರುತ್ತಿದ್ದಳು ಎಂದು ನನಗೆ ಆಗ ಹೊಳೆಯಿತು. ಲಯನೆಲ್‌ಗೆ ಎಲ್ಲ ಗೊತ್ತಿತ್ತು. ಯಾವುದು ಯಾರ ತಟ್ಟೆಯದೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ತನ್ನ ಬೂಟು ನೋಡುತ್ತ ನಿಂತಿದ್ದ.

ಓಗ್ಡೆನ್ ಕೆಮ್ಮಿದ. "ಮೋಡ ಕಟ್ತಿದೆ" ಎಂದ. "ಸರಿ, ಒಪ್ಕೊಂಡಿದ್ದಾರಲ್ಲ. ಕ್ರಾಬ್‌ಟ್ರೀ ತೋಟ ಖಾಲಿ ಮಾಡ್ಲಿ. ಪೆಟ್ಟಿಗೆ ಹೇಗೂ ತಂದಾಗಿದೆ, ಇಟ್ಟೇ ಬಿಡೋಣ."

ಸುಮ್ಮನಿದ್ದರೆ ನನ್ನ ತೋಟ ಉಳಿಯುತ್ತಿತ್ತು. ಇಪ್ಪತ್ತು ಬೇಸಿಗೆ ಬೆನ್ನು ಬಗ್ಗಿಸಿ ಹದ ಮಾಡಿದ ಮಣ್ಣು ಅದು. ಆದರೆ ಆ ಕಪ್ಪು ಪೆಟ್ಟಿಗೆಗಳನ್ನು ನೋಡಿದೆ, ದಾರಿಯಲ್ಲಿ ತೂರಾಡಿದ ಆ ಬಡಪಾಯಿ ಕಣ್ಣ ಮುಂದೆ ಬಂತು.

"ಆ ಕೋಳಿಮಾಂಸ ನಂದು" ಎಂದೆ.

"ಎಡ್ನಾ!" ಎಂದಳು ಬೆರಿಲ್.

"ನಂದೇ. ಗ್ಲಾಡಿಸ್‌ಗೆ ಇಟ್ಟಿದ್ದು. ಬಿಳಿ ಮಚ್ಚೆಯವಳಿಗೆ."

ಬೆರಿಲ್‌ಳ ಬಾಯಿ ತೆರೆದುಕೊಂಡಿತು. "ಮೂತಿ ಮೇಲೆ ಮಚ್ಚೆಯಾ? ಅದು ಗ್ಲಾಡಿಸ್ ಅಲ್ಲ ಕಣೇ! ಅದು ನಮ್ಮ ಪ್ರಿನ್ಸ್!"

"ಗಂಡೋ ಹೆಣ್ಣೋ ಆಮೇಲೆ ನೋಡೋಣ. ನೀನು ಅದಕ್ಕೆ ಹಾಲು ಕುಡಿಸಿ ಭೇದಿ ಹಿಡಿಸಿದ್ದೀಯಲ್ಲೇ, ಪುಣ್ಯಾತ್ಗಿತ್ತಿ!" ಎಂದು, ಓಗ್ಡೆನ್ ಕಡೆ ತಿರುಗಿದೆ. "ಈಗ ನೀನು ಹೇಳಪ್ಪಾ ನೈಜೆಲ್. ಈ ಪೈ ಯಾರದು?"

"ನಂಗೇನ್ ಗೊತ್ತು?"

"ಗೊತ್ತಿಲ್ವಾ? ಅಂಚಿಗೆ ಹೆಣಿಗೆ ಹಾಕಿದಂಗೆ ಒತ್ತಿರೋದು ನೋಡು. ಪ್ರತಿ ವರ್ಷ ಊರಿನ ಪ್ರದರ್ಶನದ ಸ್ಪರ್ಧೇಲಿ ನನ್ನ ಪೈನ ಸೋಲಿಸೋ ಅಂಚು ಅದು. ಸತ್ತರೂ ಮರೆಯಲ್ಲ ನಾನು. ನಿನ್ನ ಹೆಂಡತಿ ಅಷ್ಟು ಚೆಂದ ಮಾಡಿ ಕಟ್ಟಿ ಕೊಟ್ಟಿದ್ದನ್ನ ನೀನು ಯಾರಿಗೆ ಹಾಕ್ತಿದ್ದೆ?"

ಅಧ್ಯಕ್ಷರ ಮುಖ ಬೀಟ್‌ರೂಟಿನ ಬಣ್ಣಕ್ಕೆ ಬಂತು. "ಮೇಜರ್‌ಗೆ" ಎಂದು ಗೊಣಗಿದ. "ಅವನಿಗೂ ಮಚ್ಚೆ ಇದೆ."

ಒಂದೇ ಮುಳ್ಳಿಲಿ, ಮೂರು ಹೆಸರು, ಮೂರು ತಟ್ಟೆ. ತಿಂದು ಮುಗಿಸಲಾರದೆ ಬಿಟ್ಟದ್ದೆಲ್ಲ ಹೆಗ್ಗಣಗಳ ಹಬ್ಬದೂಟ. ಅವಕ್ಕೂ ಉಳಿದದ್ದನ್ನು ಲಯನೆಲ್ ದಿನಾ ಬೆಳಿಗ್ಗೆ ಬಂದು ಎತ್ತಿ ಒಯ್ಯುತ್ತಿದ್ದ, ತಟ್ಟೆಗಳನ್ನೂ ಒರೆಸಿಡುತ್ತಿದ್ದ. ಅವನ ಹಳೆಯ ತೋಟದಲ್ಲಿ ವಿಷ ಇಟ್ಟಾಗ ಹೆಗ್ಗಣ ಉಳಿದು ಮುಳ್ಳಿಲಿಗಳು ಹೋದವಂತೆ. ಕುಂಡ ಹಲಗೆಗಳನ್ನು ಜರುಗಿಸುತ್ತಿದ್ದದ್ದು ಹೆಗ್ಗಣಕ್ಕೆ ಹೊಸದೆಂದರೆ ದಿಗಿಲು ಎಂದು. ಬಡಿಯುತ್ತಿದ್ದದ್ದು ನೆಮ್ಮದಿಯಾಗಿ ಗೂಡು ಕಟ್ಟದಿರಲಿ ಎಂದು. ಕಿಂಡಿ ಮುಳ್ಳಿಲಿಯ ದಾರಿ. ಅದು ನನ್ನ ಕಣ್ಣಿಗೆ ಬೀಳದಿದ್ದದ್ದು ಕಿಂಡಿ ದಾಟಿ ಅವನ ಕಡೆ ಮಲಗಲು ಶುರು ಮಾಡಿದ್ದರಿಂದ.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ರೀ ನಿಮಗೆ?" ಎಂದು ರೇಗಿದೆ.

"ಮೊದಲನೇ ದಿನಾನೇ ನೀವಂದ್ರಿ, ನನ್ನ ತೋಟದ ಬಗ್ಗೆ ಯಾರಾದ್ರೂ ಒಂದ್ಮಾತಾಡಿದ್ರೆ ಸಲಿಕೇಲಿ ಬಡೀತೀನಿ ಅಂತ."

ಅಂದಿದ್ದೆ. ಅನ್ನುವವಳೇ ನಾನು.

ಓಗ್ಡೆನ್ ತನ್ನ ತಳ್ಳುಗಾಡಿಯನ್ನು ಬಂದ ದಾರಿಯಲ್ಲೇ ತಳ್ಳಿಕೊಂಡು ಹೋದ. ತೋಟ ಖಾಲಿ ಮಾಡಿಸುವ ಮಾತು ಮತ್ತೆ ಬರಲಿಲ್ಲ. ಬಂದರೆ ಮೊದಲು ಅವನೇ ಹೊರಡಬೇಕಿತ್ತು. ತಟ್ಟೆಗಳಲ್ಲಿ ಇನ್ನು ನೀರು ಮಾತ್ರ ಎಂದಾಯಿತು. ಗೊಬ್ಬರದ ಪೆಟ್ಟಿಗೆಗಳ ತಳಕ್ಕೆ ಎಲ್ಲರೂ ತಂತಿಬಲೆ ಹಾಕಿದೆವು, ಎಲ್ಲರೂ ಹುಚ್ಚರ ಹಾಗೆ ಕುಂಡ ಜರುಗಿಸತೊಡಗಿದೆವು. ಬಿಲಗಳ ಬಾಯಿಗೆ ಜೇಡರಬಲೆ ಕಟ್ಟಿತು. ಆದರೂ ಬೆರಿಲ್‌ಳ ಚೀಲದ ಮೇಲೆ ನಾನೊಂದು ಕಣ್ಣಿಟ್ಟಿದ್ದೇನೆ, ನನ್ನ ಚೀಲದ ಮೇಲೆ ಅವಳೂ ಇಟ್ಟಿದ್ದಾಳೆ.

ಆ ತಿಂಗಳ ಕೊನೆಯಲ್ಲಿ ಒಂದು ಸಂಜೆ ಲಯನೆಲ್ ತಾನಾಗಿಯೇ ಮಗ್ ಹಿಡಿದು ನನ್ನ ಬೇಲಿಯ ಹತ್ತಿರ ಬಂದ. ಫ್ಲಾಸ್ಕಿನಿಂದ ಸುರಿದುಕೊಟ್ಟೆ.

"ಇಷ್ಟು ದಿನ ಯಾಕ್ರೀ ಶೆಡ್ಡಿಗೆ ಬರ್ಲಿಲ್ಲ?"

"ಅಲ್ಲಿ ಕೂತ್ರೆ ಎಲ್ಲರೂ ಕೇಳ್ತೀರಿ. ಸುಳ್ಳು ಹೇಳ್ಬೇಕಾಗುತ್ತೆ. ನಂಗೆ ಅದು ಬರಲ್ಲ."

ಇನ್ನೂ ಬೆಳಕಿತ್ತು. ಹಲಗೆಗಳ ಕಡೆಯಿಂದ ಸರಸರ ಸದ್ದು. ಗ್ಲಾಡಿಸ್ ಬಂದಳು. ದುಂಡಗಿದ್ದಳು, ಮೈ ತುಂಬಿಕೊಂಡಿದ್ದಳು. ನೀಲಿ ಅಂಚಿನ ತಟ್ಟೆಯ ಪಕ್ಕದಲ್ಲೇ ಹಾದುಹೋದಳು. ನಿಲ್ಲುತ್ತಾಳೆ, ಮೂಸಿ ನೋಡುತ್ತಾಳೆ ಎಂದು ಉಸಿರು ಬಿಗಿಹಿಡಿದು ಕೂತಿದ್ದೆ. ಅವಳು ತಲೆಯನ್ನೂ ತಿರುಗಿಸಲಿಲ್ಲ. ಲೆಟಿಸ್ ಬುಡದಿಂದ ಒಂದು ಬಸವನಹುಳು ಕಿತ್ತು ಚಪ್ಪರಿಸಿ ತಿಂದು, ಕಿಂಡಿಯಲ್ಲಿ ನುಸುಳಿ ಆಚೆ ಹೋಗಿಬಿಟ್ಟಳು. ಮುಳ್ಳಿನ ಪ್ರಾಣಿಯೊಂದು ನನ್ನನ್ನು ಇಷ್ಟು ನೋಯಿಸೀತೆಂದು ನಾನು ಎಣಿಸಿರಲಿಲ್ಲ.

"ನಿಜ ಹೇಳಿ" ಎಂದೆ. "ಅಷ್ಟು ದಿನ ಇಟ್ಟೆನಲ್ಲ. ಒಂದು ದಿನವಾದ್ರೂ ಅವಳು ನನ್ನ ತಟ್ಟೆ ಪೂರ್ತಿ ಖಾಲಿ ಮಾಡಿದ್ಲಾ?"

ಲಯನೆಲ್ ಮಗ್‌ನೊಳಗೆ ನೋಡುತ್ತ ಕೂತ. ಅವನ ಕಿವಿಗಳು ಮೆಲ್ಲಗೆ ಕೆಂಪಾದವು.

"ಮಾಡ್ತಿದ್ಲು" ಎಂದ. "ನಿಮ್ಮದೊಂದನ್ನೇ."

ನಾನು ಅವನ ಮಗ್‌ಗೆ ಇನ್ನಷ್ಟು ಚಹಾ ಸುರಿದೆ.