ಕ್ಯಾನಿಯಲ್ಲಿ ಆನೆಗಳಿರಲಿಲ್ಲ

ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ಧೂಳು ಏಳುತ್ತಿದೆ, ಏಳದೆ ಏನು ಮಾಡುತ್ತದೆ, ಮೇ ತಿಂಗಳ ಇಂದಿರಾಪುರಂನಲ್ಲಿ ಧೂಳು ಹದಿನಾಲ್ಕನೆಯ ಮಹಡಿಯ ಬಾಲ್ಕನಿಯನ್ನೂ ಬಿಡುವುದಿಲ್ಲ, ಇನ್ನು ಈ ಸೊಸೈಟಿಯ ಕ್ಲಬ್ ಹೌಸ್ ಯಾವ ಮೂಲೆಗೆ — ಎರಡು ಸಾವಿರ ವರ್ಷದ ಹಿಂದೆ ಕ್ಯಾನಿಯ ಯುದ್ಧದಲ್ಲೂ ಧೂಳಿತ್ತು, ಆಗಸ್ಟಿನ ಬಿಸಿಗಾಳಿ ರೋಮನ್ನರ ಮುಖಕ್ಕೇ ಬೀಸುವ ಹಾಗೆ ಹ್ಯಾನಿಬಲ್ ತನ್ನ ದಂಡನ್ನು ನಿಲ್ಲಿಸಿದ್ದ, ಶತ್ರುವಿನ ಕಣ್ಣಿಗೆ ಮಣ್ಣೆರಚಲು ಗಾಳಿಯನ್ನೇ ಕೆಲಸಕ್ಕೆ ಹಚ್ಚಿದ ಮನುಷ್ಯ, ಮೈಕಿನ ಮುಂದಿನ ಹುಡುಗ ಇದನ್ನು ಹೇಳುತ್ತಾನೋ ಇಲ್ಲವೋ ನೋಡಿಯೇ ಬಿಡೋಣ ಎಂದು ಏಕನಾಥ ಕಾಲ ಮೇಲೆ ಕಾಲು ಹಾಕಿದ, ಹೇಳಿದ, ಶ್ರೀವತ್ಸ ಹೇಳಿಯೇ ಬಿಟ್ಟ, ಅದೂ ನಗುನಗುತ್ತ, ದಿಲ್ಲಿಯ ಲೂ ಗೊತ್ತಲ್ಲ ನಿಮಗೆ, ಆ ಬಿಸಿಗಾಳೀಲಿ ಮೈತುಂಬ ಕಬ್ಬಿಣ ತೊಟ್ಟುಕೊಂಡು ನಿಂತ ಹಾಗೆ ಅಂದ್ಕೊಳ್ಳಿ, ಸಭೆ ನಕ್ಕಿತು, ಏಕನಾಥನ ಮಾತಿಗೆ ಈ ಸಭೆ ಹೀಗೆ ನಕ್ಕಿದ್ದು ಯಾವಾಗ, ಹನ್ನೊಂದು ವರ್ಷ, ತಿಂಗಳ ಕೊನೆಯ ಭಾನುವಾರ ತಪ್ಪದೆ ಇದೇ ಮೈಕಿನ ಮುಂದೆ ನಿಂತವನು ತಾನು, ಆರ್.ಕೆ.ಪುರಂ ಕ್ವಾರ್ಟರ್ಸಿನಿಂದ ಮೆಟ್ರೋ ಬದಲಿಸಿ, ಆಟೋ ಭಯ್ಯಾನ ಜೊತೆ ಜಗಳವಾಡಿ ಬಂದು ತಾಳಿಕೋಟೆ, ಪಾಣಿಪತ್, ಕಳಿಂಗ ಎಲ್ಲವನ್ನೂ ಹೇಳಿದವನು, ಸಚಿವಾಲಯದಲ್ಲಿ ಫೈಲು ನೋಡುವ ಸೆಕ್ಷನ್ ಆಫೀಸರನಾದರೂ ಕನ್ನಡದವರ ಈ ಕೂಟದಲ್ಲಿ ಯುದ್ಧದ ಏಕನಾಥ ಎಂದೇ ಹೆಸರು — ಹ್ಯಾನಿಬಲ್‌ನನ್ನು ಮಾತ್ರ ಎತ್ತಿಟ್ಟಿದ್ದ, ಎಲೆಯ ಮೂಲೆಯಲ್ಲಿ ಹೋಳಿಗೆಯನ್ನು ಕೊನೆಗೆಂದು ಉಳಿಸಿಕೊಳ್ಳುವವರ ಹಾಗೆ, ನಿವೃತ್ತಿಯ ವರ್ಷದಲ್ಲಿ ಹೇಳೋಣ ಎಂದು, ಅಷ್ಟರಲ್ಲಿ ಕಾರ್ಯದರ್ಶಿ ಚಂದ್ರಶೇಖರನ ಫೋನು, ಏಕನಾಥ್ ಅವರೇ, ಈ ಸಲ ಹೊಸಬರಿಗೊಂದು ಚಾನ್ಸ್ ಕೊಡೋಣ, ಹುಡುಗ ಪಿಎಚ್.ಡಿ. ಮಾಡ್ತಿದ್ದಾನೆ, ಹ್ಯಾನಿಬಲ್ ಬಗ್ಗೆ ಹೇಳ್ತಾನಂತೆ, ನೀವಂತೂ ಮನೆಯವರೇ ಅಲ್ವಾ — ಮನೆಯವರು, ಹೌದು, ಹಿತ್ತಲ ಗಿಡ ಮದ್ದಲ್ಲ. ಅಚ್ಛಾ, ಆಗಲಿ ಬಿಡಿ ಎಂದಿದ್ದ.

ಅದೂ ಹೋಗಲಿ, ಲ್ಯಾಪ್‌ಟಾಪಿನ ಮುಂದೆ ಕೂತಿರುವವಳು ಅಮೂಲ್ಯ, ತನ್ನ ಒಬ್ಬಳೇ ಮಗಳು, ಅದನ್ನು ಹೇಗೆ ನುಂಗುವುದು — ಯೂನಿವರ್ಸಿಟಿಯಲ್ಲಿ ಶ್ರೀವತ್ಸನಿಗೆ ಜೂನಿಯರ್, ಎಂ.ಎ. ಎರಡನೆಯ ವರ್ಷ, ಅವನು ಬೆರಳೆತ್ತಿದರೆ ಇವಳು ಬಟನ್ ಒತ್ತುತ್ತಾಳೆ, ಪರದೆಯ ಮೇಲೆ ಚಿತ್ರ ಬದಲಾಗುತ್ತದೆ, ನಡುವೆ ಒಂದು ಮಾತು ಬೇಡ, ಮನೆಯಲ್ಲಿ ಒಂದು ಲೋಟ ನೀರು ಕೊಡು ಎಂದು ಮೂರು ಸಲ ಕೂಗಬೇಕು — ತನ್ನ ಉಪನ್ಯಾಸಕ್ಕೆ ಎಷ್ಟು ಸಲ ಬಂದಳು, ಪಪ್ಪಾ ಕಲ್ ಎಗ್ಸಾಮ್ ಹೈ, ಪಪ್ಪಾ ನಿನ್ನ ಕನ್ನಡ ಬಹುತ್ ಹೆವಿ ಹೈ, ಅರ್ಧ ಅರ್ಥಾನೇ ಆಗಲ್ಲ, ಇವನ ಕನ್ನಡ ಮಾತ್ರ ಹಗುರವಾಯಿತೇನು, ನೋಡು ಹೇಗೆ ಕತ್ತೆತ್ತಿ ಕೇಳುತ್ತಿದ್ದಾಳೆ — ಇದು ಹೊಟ್ಟೆಕಿಚ್ಚು, ಇದಕ್ಕೆ ಬೇರೆ ಹೆಸರಿಡುವುದು ಬೇಡ, ಐವತ್ತೊಂಬತ್ತರ ಗಂಡಸು ಇಪ್ಪತ್ತೆಂಟರ ಹುಡುಗನ ಮೇಲೆ ಹೊಟ್ಟೆ ಉರಿದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾನೆ, ಪಕ್ಕದಲ್ಲಿ ವೈಜಯಂತಿ, ಕಟ್ಟಿಕೊಂಡ ಹೆಂಡತಿ, ಹುಡುಗ ಎಷ್ಟು ಚೆನ್ನಾಗಿ ಹೇಳ್ತಾನೆ ಅಲ್ವೇನ್ರಿ ಅನ್ನುತ್ತಾಳೆ, ಹ್ಞೂಂ ಅನ್ನುತ್ತಾನೆ. ಹ್ಯಾನಿಬಲ್ ಯಾರು ಎಂದು ಅಮೂಲ್ಯಳಿಗೆ ಗೊತ್ತಾದದ್ದು ಈ ಶ್ರೀವತ್ಸನಿಂದಲೋ — ಆಗ ನಾಲ್ಕು ವರ್ಷದವಳು, ಊಟವೆಂದರೆ ಅಳು, ವೈಜಯಂತಿ ಸೋತು ತಟ್ಟೆಯನ್ನು ಅವನ ಕೈಗಿತ್ತು ಒಳಗೆ ಹೋಗುತ್ತಿದ್ದಳು, ಸ್ಟೀಲ್ ತಟ್ಟೆಯ ನಡುವೆ ಹಳದಿ ಖಾರ ಪೊಂಗಲ್, ಹೊಳೆದದ್ದು ಆಗಲೇ, ಇದು ರೋಮನ್ನರ ಸೈನ್ಯ ಪುಟ್ಟಿ, ಎಂಬತ್ತು ಸಾವಿರ ಜನ, ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದಾರೆ, ಹ್ಯಾನಿಬಲ್ ಹತ್ರ ಇರೋದು ಬರೀ ಐವತ್ತು ಸಾವಿರ, ಅದಕ್ಕೆ ಅವನೇನು ಮಾಡ್ದ, ನಡುವೆ ನಿಂತಿರೋರಿಗೆ ಮೆಲ್ಲಗೆ ಹಿಂದೆ ಸರೀರಿ ಅಂದ, ರೋಮನ್ನರು ಗೆದ್ವಿ ಗೆದ್ವಿ ಅಂತ ಒಳಗೆ ನುಗ್ಗಿದ್ರು, ಆಗ ಈ ಕಡೆಯಿಂದ ಒಂದು ತುತ್ತು, ಆ ಕಡೆಯಿಂದ ಒಂದು ತುತ್ತು, ಎಲ್ಲಿ ಬಾಯಿ ತೆಗಿ, ಎಡಕ್ಕೆ ತಿಂದಳು, ಬಲಕ್ಕೆ ತಿಂದಳು, ಹಿಂದಿನಿಂದ ಕುದುರೆ ಸವಾರರಾಗಿ ಬಂದ ಗೋಡಂಬಿಯನ್ನೂ ತಿಂದಳು, ನಡುವೆ ಸಿಕ್ಕಿಬಿದ್ದ ರೋಮ್ ಸವೆಯುತ್ತ ಸವೆಯುತ್ತ ತಟ್ಟೆಯ ತಳ ಕಾಣುತ್ತಿತ್ತು, ಮೆಣಸಿನ ಕಾಳುಗಳನ್ನು ಮಾತ್ರ ಖಾರ ಎಂದು ಹೆಕ್ಕಿ ಅಂಚಿಗೆ ಸರಿಸುತ್ತಿದ್ದಳು — ಅದೇ ವ್ಯೂಹವನ್ನು ಇವತ್ತು ಇವನು ಲೇಸರ್ ಕಡ್ಡಿ ಹಿಡಿದು ಅವಳಿಗೆ ತೋರಿಸುತ್ತಿದ್ದಾನೆ, ಅವಳು ಮೊದಲ ಸಲ ಕೇಳಿದವಳ ಹಾಗೆ ಕೇಳುತ್ತಿದ್ದಾಳೆ. ಬೆಳಿಗ್ಗೆ ಅಪ್ಪ ಅಮ್ಮನಿಗಿಂತ ಮೊದಲೇ ಹೊರಟಿದ್ದಳು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಪಪ್ಪಾ ಮುಂದಿನ ಸಾಲಲ್ಲೇ ಕೂತ್ಕೋ, ತುಮ್ಹೇ ಏಕ್ ಚೀಜ್ ದಿಖಾನೀ ಹೈ, ಏನೋ ತೋರಿಸಬೇಕಂತೆ, ಏನನ್ನು, ಈ ಹುಡುಗನನ್ನು ತಾನೇ, ಏಕನಾಥ ಬೇಕೆಂದೇ ಐದನೆಯ ಸಾಲಿನಲ್ಲಿ ಕೂತ.

ಮುಂದಿನ ಚಿತ್ರ ಬಂತು, ಇದು ಕೈಯಲ್ಲಿ ಬರೆದು ಬಣ್ಣ ಹಚ್ಚಿದ್ದು, ಸುತ್ತ ದುಂಡನೆಯ ಚೌಕಟ್ಟು, ಯುದ್ಧಭೂಮಿ ಎಲ್ಲಾದರೂ ದುಂಡಗಿರುತ್ತದೆಯೇ, ಒಂದು ಮಗ್ಗುಲಿಗೆ ನದಿ ಬೇಡವೇ, ನಡುವೆ ಹಳದಿಯ ಗುಂಪು, ಅವರು ರೋಮನ್ನರಂತೆ, ಹಳದಿ ಯಾಕೆ, ಕೆಂಪು ಸಿಗಲಿಲ್ಲವೇ, ಪಿಎಚ್.ಡಿ.ಯವರ ಚಿತ್ರಕಲೆ ಇಷ್ಟೇ, ಅಂಚಿನ ಉದ್ದಕ್ಕೂ ಕಪ್ಪು ಕಪ್ಪಗೆ ಆರು, ಏನವು, ಸೊಂಡಿಲಿದೆ — ಆನೆಗಳು. ಕ್ಯಾನಿಯಲ್ಲಿ ಆನೆಗಳು. ಏಕನಾಥನ ಬೆನ್ನು ನೆಟ್ಟಗಾಯಿತು, ಶ್ರೀವತ್ಸ ಪರದೆಗೆ ಬೆನ್ನು ಹಾಕಿ ಸಭೆಯನ್ನೇ ನೋಡುತ್ತ ಮಾತಾಡುತ್ತಿದ್ದಾನೆ, ಮಾತಿನ ಅಮಲೇರಿದೆ, ನುಗ್ಗಲಿ, ಇನ್ನಷ್ಟು ಒಳಗೆ ನುಗ್ಗಲಿ, ನಡುವಿನವರು ಹಿಂದೆ ಸರಿಯಬೇಕು, ಹ್ಯಾನಿಬಲ್‌ನ ಅದೇ ತಂತ್ರ ಈ ಹುಡುಗನ ಮೇಲೆ, ಮೊದಲು ಹೊಗಳಿಕೆ, ಆಮೇಲೆ ನನಗೇನೂ ಗೊತ್ತಿಲ್ಲಪ್ಪ ಎಂಬ ಮುಖ, ಆಮೇಲೆ ಎರಡೂ ಮಗ್ಗುಲಿನಿಂದ — ಅಮೂಲ್ಯ ನೋಡಲಿ, ಯಾರಿಗೆ ಏನು ಗೊತ್ತು ಎಂದು ಒಂದು ಸಲ ನೋಡಲಿ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದ ಚಂದ್ರಶೇಖರ, ಏಕನಾಥನ ಕೈ ಆಗಲೇ ಮೇಲಿತ್ತು, ಬಹಳ ಚೆನ್ನಾಗಿ ಹೇಳಿದ್ರಿ ಶ್ರೀವತ್ಸ, ನಮ್ಮಂಥ ಗುಮಾಸ್ತರಿಗೆ ಇಷ್ಟೆಲ್ಲ ಎಲ್ಲಿ ಗೊತ್ತಾಗುತ್ತೆ, ಛೇ ಛೇ ಸರ್, ನೀವು ಹಿರಿಯರು ಎಂದ ಹುಡುಗ, ಒಂದು ಸಣ್ಣ ಅನುಮಾನ, ಆ ದುಂಡನೆ ಚಿತ್ರ ಮತ್ತೊಮ್ಮೆ ಹಾಕಿಸ್ತೀರಾ — ಅಮೂಲ್ಯ ಥಟ್ಟನೆ ತಿರುಗಿ ನೋಡಿದಳು, ಮುಖವೆಲ್ಲ ಅರಳಿತು, ಯಾಕೆ ಅರಳಿತೋ, ಚಿತ್ರ ಹಾಕಿ ಅಪ್ಪನನ್ನೇ ನೋಡುತ್ತ ಕೂತಳು, ಹ್ಯಾನಿಬಲ್ ಹೊರಟಾಗ ಎಷ್ಟು ಆನೆ ಇತ್ತು ಶ್ರೀವತ್ಸ, ಮೂವತ್ತೇಳು ಸರ್, ಆಲ್ಪ್ಸ್ ಬೆಟ್ಟ ಇಳಿದ ಮೇಲೆ ಟ್ರೆಬಿಯಾ ಯುದ್ಧ, ಆ ಚಳಿಗಾಲ ಕಳೆದಾಗ ಎಷ್ಟು ಉಳೀತು, ಒಂದೇ ಒಂದು ಸರ್, ಅದರ ಮೇಲೆ ಕೂತು ಜೌಗು ದಾಟುವಾಗಲೇ ಅವನ ಒಂದು ಕಣ್ಣು ಹೋಗಿದ್ದು, ಭೇಷ್, ಹಾಗಾದ್ರೆ ಕ್ಯಾನಿಯಲ್ಲಿ, ಕ್ಯಾನಿಯಲ್ಲಿ ಒಂದೂ ಇರಲಿಲ್ಲ ಸರ್, ಒಂದೂ ಇರಲಿಲ್ಲ ಅಂತೀರಿ, ಹಾಗಾದ್ರೆ ನಿಮ್ಮ ಬೆನ್ನ ಹಿಂದೆ ನಿಂತಿರೋ ಈ ಆರು ಆನೆ ಎಲ್ಲಿಂದ ಬಂದ್ವು, ಮೈಸೂರು ದಸರಾದಿಂದಲೋ.

ಸಭೆ ಗೊಳ್ಳೆಂದಿತು, ಆಹಾ, ಏಕನಾಥನ ಮಾತಿಗೇ ನಕ್ಕಿತು, ಶ್ರೀವತ್ಸ ತಿರುಗಿ ಪರದೆ ನೋಡಿದ, ಕಿವಿ ಕೆಂಪಾಯಿತು, ಇನ್ನೊಂದು ಏಟು ಹಾಕಬೇಕು, ಅಷ್ಟರಲ್ಲಿ ಎದ್ದು ನಿಂತವಳು ಅಮೂಲ್ಯ — ಅದು ಶ್ರೀವತ್ಸ ಸರ್ ಅವರದ್ದಲ್ಲ, ಅವರು ಕೊಟ್ಟಿದ್ದು ಬೇರೆ ಮ್ಯಾಪ್, ನಾನೇ ಅದನ್ನ ತೆಗೆದು ಬೆಳಿಗ್ಗೆ ಇದನ್ನ ಹಾಕ್ದೆ, ಉನ್ಕೋ ಪತಾ ಭೀ ನಹೀಂ ಥಾ, ಅವರಿಗೆ ಗೊತ್ತೇ ಇಲ್ಲ, ನಾನೇ ಬರೆದಿದ್ದು — ದನಿ ಸಣ್ಣಗಾಯಿತು, ವೈಜಯಂತಿ ಗಂಡನ ಮೊಣಕೈ ಹಿಡಿದಳು, ರೀ, ಅದು ತಟ್ಟೆ ಕಣ್ರಿ, ಪೊಂಗಲ್ ತಟ್ಟೆ, ಏನು, ಯಾವ ತಟ್ಟೆ, ದುಂಡನೆಯ ಚೌಕಟ್ಟು, ಹಳದಿ, ಅಂಚಿನಲ್ಲಿ ಕಪ್ಪಗೆ, ಒಂದು ಎರಡು ಮೂರು — ಆನೆ ಎಲ್ಲಿ ಪಪ್ಪಾ, ಆನೆ ಬಂದರಷ್ಟೇ ಬಾಯಿ ತೆಗೀತೀನಿ ಅಂದಿದ್ದಳು ಆಗ, ಕ್ಯಾನಿಯಲ್ಲಿ ಆನೆ ಇರಲಿಲ್ಲ ಎಂದು ನಾಲ್ಕು ವರ್ಷದ ಮಗುವಿಗೆ ಹೇಳುವುದು ಹೇಗೆ, ತುಟಿ ಆಗಲೇ ಅಳುವಿಗೆ ಮಡಿಸಿಕೊಂಡಿದೆ, ಇದ್ದಾವಲ್ಲ ಪುಟ್ಟಿ, ನೀನು ಅಂಚಿಗಿಟ್ಟ ಮೆಣಸಿನ ಕಾಳು ಇದ್ದಾವಲ್ಲ, ಅವೇ ಹ್ಯಾನಿಬಲ್‌ನ ಆನೆಗಳು, ಕಾವಲು ನಿಂತಿವೆ, ಎಣಿಸು, ಏಕ್ ದೋ ತೀನ್, ಎಣಿಸಿದಳು, ತಿಂದಳು, ಆಮೇಲೆ ಅವನು ಅದನ್ನು ತಿದ್ದಲಿಲ್ಲ, ತಿದ್ದುವ ನೆನಪೇ ಆಗಲಿಲ್ಲ, ಇಪ್ಪತ್ತು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು, ಪುಸ್ತಕಗಳನ್ನೆಲ್ಲ ಓದಿಯೂ ಇಟ್ಟುಕೊಂಡಿದ್ದಳು, ತುಮ್ಹೇ ಏಕ್ ಚೀಜ್ ದಿಖಾನೀ ಹೈ, ತೋರಿಸಬೇಕೆಂದದ್ದು ಇದನ್ನು — ಚಂದ್ರಶೇಖರ ನಗುತ್ತ ಕೇಳುತ್ತಿದ್ದಾನೆ, ಎಂ.ಎ. ಹಿಸ್ಟರಿ ಹುಡುಗಿ, ಈ ಆನೆ ಕತೆ ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು, ಸಭೆ ಇನ್ನೂ ನಗುತ್ತಿದೆ, ಅವಳು ಐದನೆಯ ಸಾಲಿನತ್ತ ನೋಡಿದಳು, ಈಗ ಏಳಬೇಕು, ನಾನೇ ಎನ್ನಬೇಕು, ಒಂದೇ ಶಬ್ದ, ಕುರ್ಚಿಯ ಕೈಗಳನ್ನು ಹಿಡಿದೇ ಕೂತಿದ್ದಾನೆ, ಯಾರೂ ಇಲ್ಲ ಅಂಕಲ್, ಅಂದಳು ಅಮೂಲ್ಯ, ಅಪ್ಪನನ್ನೇ ನೋಡುತ್ತ, ನಂದೇ ತಪ್ಪು, ಬಟನ್ ಒತ್ತಿದಳು, ಪರದೆ ಬಿಳಿ, ಬೆಳಕಿನಲ್ಲಿ ಬರೀ ಧೂಳು, ಆದರೂ ಅಲ್ಲೇ ಇವೆ, ತೊಳೆದಿಟ್ಟ ಹಾಗಿರುವ ತಟ್ಟೆ, ಅದರ ಅಂಚಿನಲ್ಲಿ ಆರು, ಬೇರೇನೂ ಇಲ್ಲ, ಅಂಚಿನಲ್ಲಿ ಆರು ಮೆಣಸಿನ ಕಾಳು, ಆರು ಮೆಣಸಿನ ಕಾಳು