ಮಣ್ಣಿನ ಬಿಯರ್

"ನನ್ನ ಮಣ್ಣಿಗೆ ಬಂದೋರಿಗೆ ನೀನು ಮಾಡಿದ ಬಿಯರ್ ಕೊಡ್ತಾರೆ ಅಂತ ನೆನೆಸ್ಕೊಂಡ್ರೆ ನಂಗೆ ಸಾಯೋದಕ್ಕೇ ನಾಚಿಕೆಯಾಗುತ್ತೆ, ಓದ್ಮುಂಡ್," ಎಂದಳು ನನ್ನ ಹೆಂಡತಿ ರಾಂದಿ.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಕಣಿವೆಯಲ್ಲಿ ಯಾರೇ ಸತ್ತರೂ ಶವಪೆಟ್ಟಿಗೆಯ ಹಿಂದೆ ನಡೆದು ಬಂದವರಿಗೆ ಮನೆಯಲ್ಲೇ ಮಾಡಿದ ಬಿಯರ್ ಕೊಡಬೇಕು. ಅದಕ್ಕೆ ಮಣ್ಣಿನ ಬಿಯರ್ ಎನ್ನುತ್ತೇವೆ. ಹೋದ ವರ್ಷ ನನ್ನ ಅಪ್ಪ ಹೋದಾಗ ರಾಂದಿ ಬರ್ಗೆನ್ ಪಟ್ಟಣದ ಆಸ್ಪತ್ರೆಯಲ್ಲಿದ್ದಳು, ಹಾಗಾಗಿ ಬಿಯರ್ ನಾನು ಮಾಡಿದೆ. ಹುಳಿಯೆಂದರೆ ಅಂಥ ಹುಳಿ. ಊರವರು ಮರ್ಯಾದಸ್ಥರು. ಒಂದು ಗುಟುಕು ಕುಡಿದು, ಚೆನ್ನಾಗಿದೆ ಎಂದು ಹೇಳಿ, ಲೋಟವನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು. ಸಂಜೆ ನೋಡಿದರೆ ಮನೆಯ ಎಲ್ಲ ಕಿಟಕಿಗಳಲ್ಲೂ ತುಂಬಿದ ಲೋಟಗಳು.

"ಅದಕ್ಕೇ ನಂದು ನಾನಿರುವಾಗ್ಲೇ ಮಾಡು. ಮಲಗಿದಲ್ಲಿಂದ್ಲೇ ಹೇಳ್ಕೊಡ್ತೀನಿ. ರುಚಿ ನೋಡದೆ ಹೋಗೋಳಲ್ಲ ನಾನು," ಎಂದಳು. ಅತ್ತೆ ಸಿನ್ನೆವಾ, ಅಂದರೆ ರಾಂದಿಯ ತಾಯಿ, ಅಲ್ಲೇ ಕೂತು ಕಾಲುಚೀಲ ಹೆಣೆಯುತ್ತಿದ್ದರು. ಅವರ ಸೂಜಿ ನಿಲ್ಲಲಿಲ್ಲ.

ಡಾಕ್ಟರು ಒಂದು ವಾರದ ಮಾತಾಡಿದ್ದರು. ಎರಡು ವಾರ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ರಾಂದಿಯ ಗಂಟಲಿನಲ್ಲಿ ಆಗಲೇ ಚಮಚದಲ್ಲಿ ಕೊಟ್ಟದ್ದು ಮಾತ್ರ ಇಳಿಯುತ್ತಿತ್ತು. ನಮ್ಮ ಮನೆತನದ ಯೀಸ್ಟ್ ಚುರುಕಿನದು, ಹೆಪ್ಪು ಹಾಕಿದ ಮೂರು ನಾಲ್ಕು ದಿನಕ್ಕೆ ಬಿಯರ್ ಕುಡಿಯುವ ಹದಕ್ಕೆ ಬರುತ್ತದೆ. ಆದರೆ ಮಾಲ್ಟ್, ಅಂದರೆ ಬಿಯರಿಗೆಂದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಇರಲಿಲ್ಲ. ಬರ್ಗೆನ್ನಿನ ದಾರಿ ಹಿಮದಿಂದ ಮುಚ್ಚಿತ್ತು.

"ಅಟ್ಟದ ಮೇಲೆ ಅಮ್ಮಂದಿದೆಯಲ್ಲ, ಅದನ್ನೇ ತಗೋ," ಎಂದಳು ರಾಂದಿ.

ನಾನು ಅತ್ತೆಯ ಮುಖ ನೋಡಲಾಗದೆ ನೆಲ ನೋಡಿದೆ. ನಮ್ಮಲ್ಲಿ ವಯಸ್ಸಾದವರೆಲ್ಲ ತಮ್ಮ ಮಣ್ಣಿನ ಬಿಯರಿಗೆಂದು ಒಂದು ಮೂಟೆ ಮಾಲ್ಟ್ ತೆಗೆದಿಟ್ಟಿರುತ್ತಾರೆ. ಅತ್ತೆಗೆ ಎಂಬತ್ತೇಳು. ಪ್ರತಿ ಶರತ್ಕಾಲದಲ್ಲೂ ಹಳೆಯ ಮೂಟೆಯನ್ನು ಕ್ರಿಸ್‌ಮಸ್ಸಿನ ಬಿಯರಿಗೆಂದು ಇಳಿಸಿ, "ಈ ವರ್ಷವೂ ಬದುಕಿಬಿಟ್ಟೆ" ಎಂದು ನಗುತ್ತ ಹೊಸದನ್ನು ಅಟ್ಟಕ್ಕೆ ಏರಿಸುವುದು ಅವರ ಪದ್ಧತಿ. ಆ ಮೂಟೆಯಿಂದ ಬಿಯರ್ ಮಾಡಬೇಕಾದವಳು ರಾಂದಿ. ಕಣಿವೆಯಲ್ಲಿ ಅವಳಷ್ಟು ಚೆನ್ನಾಗಿ ಮಾಡುವವರು ಇರಲಿಲ್ಲ.

"ತಗೋಪ್ಪ, ಇನ್ನೇನು ಮಾಡೋಕಾಗುತ್ತೆ," ಎಂದರು ಅತ್ತೆ, ಕಣ್ಣೆತ್ತದೆ.

ಮರುದಿನ ಬೆಳಿಗ್ಗೆ ರಾಂದಿಯ ಮಂಚವನ್ನು ಅಂಗಳದ ಕಡೆಯ ಕಿಟಕಿಗೆ ತಾಗಿಸಿ ಹಾಕಿದೆ. ನವೆಂಬರಿನ ಚಳಿ, ಆದರೂ ಕಿಟಕಿ ಒಂದು ಗೇಣು ತೆರೆದಿರಲೇಬೇಕು ಎಂದು ಹಟ ಹಿಡಿದಳು. ಉಣ್ಣೆಯ ಟೊಪ್ಪಿ, ಎರಡು ರಜಾಯಿ. ಅಂಗಳದ ಆಚೆಗೆ ನಮ್ಮ ಒಲೆಮನೆ. ಅಲ್ಲಿ ತಾಮ್ರದ ಹಂಡೆಯಲ್ಲಿ ಜುನಿಪರ್ ಗಿಡದ ಕೊಂಬೆ ಹಾಕಿ ನೀರು ಕುದಿಸುತ್ತೇವೆ. ಆ ನೀರು ಎತ್ತರದ ಕಟ್ಟೆಯ ಮೇಲಿರುವ ಮರದ ತೊಟ್ಟಿಗೆ ಹೋಗಿ ಮಾಲ್ಟಿನ ಮೇಲೆ ಬೀಳಬೇಕು. ಮೊದಲೆಲ್ಲ ಬಕೆಟ್ಟಿನಲ್ಲಿ ಎತ್ತಿ ಸುರಿಯುತ್ತಿದ್ದೆವು. ರಾಂದಿಯ ತೋಳಿನ ಶಕ್ತಿ ಹೋದಾಗ ಒಂದು ಪುಟ್ಟ ಪಂಪು ತರಿಸಿದಳು. ನಾನೋ, ಹುಲ್ಲಟ್ಟದ ಏಣಿಯಿಂದ ಬಿದ್ದು ಬಲ ಭುಜ ಮುರಿದುಕೊಂಡವನು. ಕಾಫಿ ಲೋಟ ಎತ್ತಿದರೂ ಹಲ್ಲು ಕಚ್ಚಬೇಕು. ಪಂಪೇ ಗತಿ.

ಅತ್ತೆ ತಾವಾಗಿ ಬಂದು ಹಂಡೆಯ ಪಕ್ಕದ ಕೊರಡಿನ ಮೇಲೆ ಕೂತರು. "ನಾನು ಬೆಂಕಿ ನೋಡ್ಕೋತೀನಿ, ನೀನು ಮಿಕ್ಕಿದ್ದು ನೋಡು." ನನಗೆ ಸಮಾಧಾನವೇ ಆಯಿತು.

ನೀರು ಕಾಯಿತು. ಹಂಡೆಯ ಬುಡದ ನಲ್ಲಿಯನ್ನು ಪೂರ್ತಿ ತೆರೆದು ಪಂಪಿನ ಗುಂಡಿ ಒತ್ತಿದೆ. ಚೆನ್ನಾಗಿಯೇ ಓಡಿತು. ರಾಂದಿಗೆ ಹೇಳಿ ಬರೋಣವೆಂದು ಒಳಗೆ ಹೋಗಿ, ಅವಳ ತುಟಿ ಒದ್ದೆ ಮಾಡಿ ಬರುವಷ್ಟರಲ್ಲಿ ತೊಟ್ಟಿಯ ಮೇಲಿನ ಕೊಳವೆಯಿಂದ ಹಸುಗೂಸಿನ ಉಚ್ಚೆಯಂತೆ ಸಣ್ಣ ಧಾರೆ ಬೀಳುತ್ತಿತ್ತು.

"ರಾಂದೀ, ಪಂಪು ಎಳೀತಿಲ್ಲ!"

"ಗಾಳಿ ಹಿಡಿದಿರ್ಬೇಕು," ಕಿಟಕಿಯಿಂದ ಬಂತು ಅವಳ ತೆಳು ದನಿ. "ನಲ್ಲಿ ಮುಚ್ಚಿ ಕೊಳವೆ ಬಿಚ್ಚು. ಆಮೇಲೆ ನಲ್ಲಿ ಬಿಟ್ಟು, ನೀರು ತಾನಾಗೇ ಪಂಪಿನೊಳಗೆ ಇಳಿದ್ಮೇಲೆ ಚಾಲು ಮಾಡು."

ಹಾಗೆಯೇ ಮಾಡಿದೆ. ಧಾರೆ ದಪ್ಪವಾಗಿ ಬಂತು. ನನ್ನ ಎದೆಯುಬ್ಬಿತು. ನೋವಿನ ಔಷಧ ಕೊಡುವ ಹೊತ್ತಾಗಿತ್ತು, ಕೊಟ್ಟು ಬಂದೆ. ಬಂದು ನೋಡಿದರೆ ಮತ್ತೆ ಅದೇ ಉಚ್ಚೆ. ತೊಟ್ಟಿಯಲ್ಲಿ ಮಾಲ್ಟಿನ ಮೇಲಿನ ಹಬೆ ಕಡಿಮೆಯಾಗುತ್ತಿತ್ತು. ಮಾಲ್ಟ್ ತಣ್ಣಗಾದರೆ ಮುಗಿಯಿತು, ಅಪ್ಪನ ಬಿಯರಿನ ಗತಿಯೇ. ಆಗ ಇನ್ನೊಂದು ಮೂಟೆ ಇಲ್ಲ, ಇನ್ನೊಂದು ವಾರವೂ ಇಲ್ಲ.

"ಜುನಿಪರಿನ ಎಲೆಮುಳ್ಳು ಸಿಕ್ಕಿರುತ್ತೆ, ಜಾಲರಿ ತೊಳಿ," ಎಂದಳು ರಾಂದಿ. ನಲ್ಲಿ ಮುಚ್ಚಿದೆ, ಪಂಪಿನ ಮುಖ ಬಿಚ್ಚಿದೆ. ಮುಳ್ಳು ಇದ್ದವು, ನಾಲ್ಕೈದು. ತೊಳೆದು ಜೋಡಿಸಿ ನಲ್ಲಿ ಬಿಟ್ಟೆ. ನೀರು ಧುಮುಕಿತು. ಸಿಕ್ಕಿತಪ್ಪ ಕಳ್ಳ ಎಂದುಕೊಂಡು ರಾಂದಿಗೆ ಹೇಳಲು ಓಡಿದೆ. ಅವಳನ್ನು ಮಗ್ಗುಲು ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು ಬಂದರೆ ಕಳ್ಳ ಮತ್ತೆ ಒಳಗೆ ಹೊಕ್ಕಿದ್ದ.

ಆ ಹೊತ್ತಿಗೆ ಪಕ್ಕದ ಹೊಲದ ಲೈಡುಲ್ಫ್ ಬಂದ. ನಮ್ಮ ಚಿಮಣಿಯ ಹೊಗೆ ಕಂಡರೆ ಅವನಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಬಾಗಿಲಲ್ಲಿ ನಿಂತು ಪಂಪನ್ನು ನೋಡಿದ.

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಪಂಪಿಗೆ ಯಾಕೆ ಬೈತೀಯಾ ಮಾರಾಯಾ?"

"ಬಾಯಿ ಮುಚ್ಕೊಂಡು ಒಂದು ಬಕೆಟ್ ಎತ್ತು ಬಾ."

"ಭಾರ ಎತ್ತಬಾರ್ದು ಅಂದಿದಾರೆ ಡಾಕ್ಟರು. ನನ್ನೆದೇಲೂ ಒಂದು ಯಂತ್ರ ಕೂರ್ಸಿದಾರಲ್ಲ. ಅದು ನಿನ್ನ ಪಂಪಿಗಿಂತ ವಾಸಿ, ಅಷ್ಟೇ." ನಗಿಸಲು ನೋಡಿದ. ನನ್ನ ಮುಖ ಕಂಡು ನಗೆ ನುಂಗಿಕೊಂಡ. "ನೀರು ಕೊತಕೊತ ಕುದೀತಿದೆಯಲ್ಲೋ. ಪಂಪು ಹಬೆ ಎಳ್ಕೋತಿದೆ. ಬೆಂಕಿ ತಗ್ಗಿಸಿ."

ಅತ್ತೆ ಎರಡು ಕೊಳ್ಳಿ ಎಳೆದರು. ಏನೂ ಆಗಲಿಲ್ಲ. ಲೈಡುಲ್ಫ್ ಬಕೆಟ್ ಎತ್ತಲು ತನ್ನ ಅಳಿಯನನ್ನು ಕರೆದು ತರುತ್ತೇನೆಂದು ಹೊರಟ. ಅಳಿಯ ಫಿಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ, ಆಚೆ ದಡದವನು, ದೋಣಿ ಹಿಡಿದು ಬರುವುದರೊಳಗೆ ಕತ್ತಲಾಗುತ್ತದೆ. ನಾನು ಪಂಪಿಗೆ ಒದ್ದೆ. ಕೊಳವೆ ಹಿಡಿದು ಜಗ್ಗಿದೆ. ಎಡಗೈಯಲ್ಲಿ ಬಕೆಟ್ ಎತ್ತಲು ಹೋಗಿ ಅರ್ಧ ನೀರು ಕಾಲ ಮೇಲೆ ಚೆಲ್ಲಿಕೊಂಡೆ. ಬೂಟಿನೊಳಗೆ ಚರ್ಮ ಸುಡುತ್ತಿದ್ದರೂ ನನಗೆ ಅದರ ಪರಿವೆಯಿರಲಿಲ್ಲ. ಒಂದೇ ಒಂದು ಕೇಳಿದ್ದಾಳೆ, ಇಷ್ಟು ವರ್ಷ ಬಾಳಿದ ಮೇಲೆ ಒಂದೇ ಒಂದು, ಅದೂ ನನ್ನ ಕೈಲಿ ಆಗುವುದಿಲ್ಲ. ಗಂಡಸಾಗಿ ಹುಟ್ಟಿದ್ದು ದಂಡ ಎನ್ನಿಸಿತು.

ಏನಾದರಾಗಲಿ, ಇನ್ನೊಮ್ಮೆ ಬಿಚ್ಚಿದೆ. ನಲ್ಲಿ ಮುಚ್ಚಿ, ತೊಳೆದು, ನಲ್ಲಿ ಬಿಟ್ಟೆ. ಇನ್ನೊಮ್ಮೆ ಚೆನ್ನಾಗಿ ಓಡಿತು. ಈ ಸಲ ರಾಂದಿಗೆ ಹೇಳಲು ಧೈರ್ಯವಾಗಲಿಲ್ಲ. ಸೌದೆ ತರಲೆಂದು ಹಿಂಬಾಗಿಲಿನಿಂದ ಹೊರಗೆ ಹೋದೆ. ಎಡತೋಳಿನ ತುಂಬ ಸೌದೆ ತುಂಬಿಕೊಂಡು ತಿರುಗಿದಾಗ ಅರೆತೆರೆದ ಬಾಗಿಲಿನಲ್ಲಿ ಅತ್ತೆಯ ಬೆನ್ನು ಕಂಡಿತು. ಕೊರಡಿನ ಮೇಲಿಂದ ಬಗ್ಗಿ, ಹಂಡೆಯ ಬುಡದ ನಲ್ಲಿಯ ಚಕ್ರವನ್ನು ಎರಡೂ ಕೈಯಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ಅದು ಗುಂಡು ಚಕ್ರದ ಹಳೆಯ ನಲ್ಲಿ. ತೆರೆದಿದೆಯೋ ಮುಚ್ಚಿದೆಯೋ ನೋಡಿದರೆ ತಿಳಿಯುವುದಿಲ್ಲ, ಗಡಿಬಿಡಿಯಲ್ಲಿ ನಾನು ಸುತ್ತು ಎಣಿಸಿದವನೂ ಅಲ್ಲ. ಗಾಳಿಯೂ ಅಲ್ಲ, ಮುಳ್ಳೂ ಅಲ್ಲ. ಪ್ರತಿ ಸಲ ರಿಪೇರಿಗೆಂದು ನಲ್ಲಿ ಮುಚ್ಚಿ ಪೂರ್ತಿ ಬಿಡುತ್ತಿದ್ದವನು ನಾನು. ನೀರು ಬಂದದ್ದು ಅದರಿಂದ, ನನ್ನ ರಿಪೇರಿ ಅಷ್ಟೇ.

ಸೌದೆ ಕೈಯಿಂದ ಜಾರಿ ಬಿತ್ತು. "ಅತ್ತೆ! ಏನು ಮಾಡ್ತಿದೀರಿ?"

"ಕಾಣ್ತಿಲ್ವಾ? ನಲ್ಲಿ ಮುಚ್ತಿದೀನಿ." ಚಕ್ರದಿಂದ ಕೈ ತೆಗೆಯಲಿಲ್ಲ.

"ಬೆಳಿಗ್ಗೆಯಿಂದ ನೀವೇನಾ? ನಿಮ್ಮ ಮಾಲ್ಟ್ ಅಂತಾನಾ? ದಾರಿ ಬಿಟ್ಟ ಕೂಡ್ಲೇ ನಾಲ್ಕು ಮೂಟೆ ತಂದು ನಿಮ್ಮ ಅಟ್ಟಕ್ಕೆ ಹಾಕ್ತೀನಿ, ಸಾಕಾ?"

"ಮೂಟೆ ತಂದು ಹಾಕ್ತಾನಂತೆ." ಅತ್ತೆ ಮುಖ ತಿರುಗಿಸಿದರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ, ಆಗಲೂ ಅಳುತ್ತಿರಲಿಲ್ಲ. "ಸರದಿ ನಂದಲ್ವೇನೋ? ಅವಳು ನಂಗೆ ಮಾಡ್ಬೇಕಾಗಿತ್ತು. ರುಚಿ ನೋಡದೆ ಹೋಗಲ್ಲ ಅಂದಿದಾಳೆ. ನಾನು ಹೆತ್ತೋಳು, ನಂಗೊತ್ತು, ಆಡಿದ ಮಾತಿಗೆ ತಪ್ಪೋ ಹುಡುಗಿಯಲ್ಲ. ತಣ್ಣಗಾಗ್ಲಿ ಬಿಡು. ಆಗದೇ ಇರ್ಲಿ ಬಿಯರು. ಬಿಯರ್ ಆಗ್ದೆ ಹೋದ್ರೆ ಅವಳು ಹೇಗೆ ಹೋಗ್ತಾಳೆ, ಹೇಳು?"

ಹುಚ್ಚು ಲೆಕ್ಕ. ಆದರೆ ಡಾಕ್ಟರರ ಲೆಕ್ಕಕ್ಕಿಂತ ಅದೇ ನನಗೆ ಹಿತವಾಗಿತ್ತು. ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಪಂಪು ಕೀರಲು ದನಿಯಲ್ಲಿ ಕೂಗುತ್ತಿತ್ತು. ಕೈ ಚಾಚಿದರೆ ನಲ್ಲಿ ಸಿಗುತ್ತಿತ್ತು. ನಾನು ಚಾಚಲಿಲ್ಲ. ನಿಜ ಹೇಳುತ್ತೇನೆ, ನನಗೂ ಅವಳು ಹೋಗುವುದು ಬೇಕಿರಲಿಲ್ಲ.

"ಯಾರಿದೀರಿ ಅಲ್ಲಿ?" ಕಿಟಕಿಯಿಂದ ರಾಂದಿಯ ದನಿ. ಕೆಮ್ಮು ಬಂತು, ಬಹಳ ಹೊತ್ತು ಬಂತು. "ಪಂಪು ಒಣಗಿ ಕೂಗ್ತಿದೆಯಲ್ಲ. ತಣ್ಣಗಾಗುತ್ತೆ. ಓದ್ಮುಂಡ್, ದಮ್ಮಯ್ಯ ಅಂತೀನಿ, ಬೇಗ ಏನಾದ್ರೂ ಮಾಡೋ."

ದಮ್ಮಯ್ಯ ಎನ್ನುವ ಮಾತು ಅವಳ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅವರು ಚಕ್ರವನ್ನು ಹಿಡಿದು, ಗಂಟುಗಂಟು ಬೆರಳುಗಳಿಂದ, ಪೂರ್ತಿ ತೆರೆಯುವವರೆಗೂ ತಿರುಗಿಸಿದರು. ಮೇಲೆ ತೊಟ್ಟಿಯಲ್ಲಿ ನೀರು ಬೀಳುವ ಸದ್ದು ದಪ್ಪಗಾಯಿತು.

ಮಧ್ಯಾಹ್ನ ಕಳೆದ ಮೇಲೆ, ಮಾಲ್ಟಿನಿಂದ ಸೋಸಿದ ರಸ ಒಲೆಯ ಮೇಲೆ ಕುದಿಯುತ್ತಿರುವಾಗ, ರಾಂದಿಯ ಹತ್ತಿರ ಹೋದೆ.

"ಏನಾಗಿತ್ತು ಪಂಪಿಗೆ?"

"ಗಾಳಿ."

"ಗಾಳಿಯಾದ್ರೆ ಗೊಳಗೊಳ ಅನ್ನುತ್ತೆ. ನಾನೂ ಮೊದ್ಲು ಹಾಗೇ ಅಂದ್ಕೊಂಡೆ. ಇದು ನೀರು ಸಿಗದೆ ಕೂಗಿದ್ದು. ನಲ್ಲಿ." ಕಿಟಕಿಯಾಚೆ ಒಲೆಮನೆಯ ಕಡೆ ನೋಡಿದಳು. "ಅಮ್ಮನಾ?"

ನಾನು ರಜಾಯಿಯ ಅಂಚು ಸರಿಮಾಡಿದೆ. ಅವಳು ಗೋಡೆಯ ಕಡೆ ಮುಖ ಮಾಡಿದಳು. ಟೊಪ್ಪಿಯ ಅಂಚು ಮಾತ್ರ ಅಲುಗುತ್ತಿತ್ತು.

ಮುಸ್ಸಂಜೆಗೆ ರಸ ಆರಿತು. ಹೆಪ್ಪು ಹಾಕುವಾಗ ಗಟ್ಟಿಯಾಗಿ ಕೂಗಬೇಕು, ಇಲ್ಲದಿದ್ದರೆ ಬಿಯರಿಗೆ ಜೀವ ಬರುವುದಿಲ್ಲ ಎನ್ನುತ್ತಾರೆ ನಮ್ಮಲ್ಲಿ. ಯೀಸ್ಟ್ ಸುರಿದು ಬಾಯಿ ತೆರೆದೆ. ಕೂಗು ಎಂದು ಹೊರಟದ್ದು ಅಳುವಾಗಿ ಬಂತು, ಬೆಟ್ಟಕ್ಕೆ ತಾಗಿ ತಿರುಗಿಯೂ ಬಂತು.

ನಾಲ್ಕನೆಯ ದಿನ ಪೀಪಾಯಿ ತೆರೆದು ನೋಡಿದೆ. ಬಿಯರ್ ಆಗಿತ್ತು. ನನ್ನ ಕೈಯಲ್ಲಿ ಅಂಥದ್ದು ಎಂದೂ ಆಗಿರಲಿಲ್ಲ, ರಾಂದಿಯ ಕೈಯದೇ ಎನ್ನಬೇಕು. ಬಟ್ಟಲಲ್ಲಿ ತಂದು ಒಂದು ಚಮಚ ಅವಳ ತುಟಿಗಿಟ್ಟೆ. ಅತ್ತೆ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದರು. ರಾಂದಿ ನಾಲಿಗೆಯ ತುದಿಯಲ್ಲಿ ತಾಗಿಸಿ, ತಾಯಿಯ ಮುಖ ನೋಡಿ, ತಲೆಯಲ್ಲಾಡಿಸಿದಳು.

"ಇನ್ನೂ ಆಗಿಲ್ಲ. ನಾಳೆ ನೋಡೋಣ."

ಮಾರನೆಯ ದಿನವೂ ಅದೇ ಮಾತು. ಅದರ ಮಾರನೆಯ ದಿನವೂ. ಅಷ್ಟರಲ್ಲಿ ನೋವಿಗೆ ಔಷಧ ನಾಟುತ್ತಿರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ಅವಳ ತುಟಿ ಒಡೆದಿತ್ತು. ಮಾತು ಹೊರಡುವುದು ಕಷ್ಟವಾಗಿತ್ತು. ಆದರೂ ಚಮಚ ತಂದಾಗ ಕಣ್ಣು ತೆರೆಯುವಳು, ತಾಯಿಯನ್ನು ಹುಡುಕುವಳು, "ಇನ್ನೂ ಇಲ್ಲ" ಎಂದು ತುಟಿಯಲ್ಲೇ ಹೇಳುವಳು. ನಾನು ಹೊರಗೆ ಹೋಗಿ ಗೋಡೆಗೆ ತಲೆ ಕೊಟ್ಟು ನಿಲ್ಲುತ್ತಿದ್ದೆ.

ಅದರ ಮರುದಿನ ನಾನು ಬಟ್ಟಲು ತಂದಾಗ ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಮಂಚದ ಅಂಚಿನಲ್ಲಿ ಕೂತು, ಮೊದಲು ತಾವೇ ಒಂದು ಚಮಚ ಕುಡಿದರು. ನಿಧಾನವಾಗಿ ಬಾಯಲ್ಲಿ ಆಡಿಸಿದರು. ಆಮೇಲೆ ಇನ್ನೊಂದು ಚಮಚ ತುಂಬಿ ಮಗಳ ತುಟಿಯ ಹತ್ತಿರ ಹಿಡಿದರು.

"ಆಗಿದೆ ಕಣೇ ಮಗಳೇ," ಎಂದರು. "ಇನ್ನೂ ಇಟ್ರೆ ಕೆಟ್ಟುಹೋಗುತ್ತೆ."

ರಾಂದಿ ಬಾಯಿ ತೆರೆದಳು.